ಬೆಣ್ಣೆಯ ಹದ

ಕಾದ ಹಂಚಿನ ಮೇಲೆ ಒಂದು ಉಂಡೆ ಬೆಣ್ಣೆ ಹಾಕಿದರೆ ಚಟಪಟ ಸದ್ದಾಗುತ್ತದೆ, ನೊರೆ ಏಳುತ್ತದೆ, ಸ್ವಲ್ಪ ಹೊತ್ತಿಗೆ ಅಲ್ಲಲ್ಲಿ ಕಂದು ಚುಕ್ಕೆಗಳು ಮೂಡುತ್ತವೆ. ಅದೇ ಹಂಚಿನ ಮೇಲೆ ತುಪ್ಪ ಹಾಕಿದರೆ ಸದ್ದಿಲ್ಲದೆ ಹರಡಿಕೊಳ್ಳುತ್ತದೆ. ತುಪ್ಪವಾದರೂ ಬಂದದ್ದು ಬೆಣ್ಣೆಯಿಂದಲೇ. ಹಾಗಿದ್ದರೆ ಆ ಸದ್ದು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು?

ಕಲಬುರಗಿ ಜಿಲ್ಲೆಯ ನಿಂಬರ್ಗಾ, ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಲ್ಲಿ ಎಮ್ಮೆ ಕಟ್ಟಿದ ಮನೆಗಳಿಗೆ ಇನ್ನೂ ಒಂದು ಸಂಗತಿ ಚೆನ್ನಾಗಿ ಗೊತ್ತು. ಎಳ್ಳ ಅಮಾವಾಸ್ಯೆಯ ಆಸುಪಾಸಿನ ಚಳಿಯಲ್ಲಿ ಮೊಸರು ಕಡೆಯುವಾಗ ಗಡಿಗೆಗೆ ತುಸು ಬಿಸಿನೀರು ಬೆರೆಸಬೇಕು. ಬೇಸಿಗೆಯಲ್ಲಿ ತಣ್ಣೀರು ಬೆರೆಸಬೇಕು, ಅದೂ ಹೊತ್ತು ಏರುವ ಮೊದಲೇ ಕಡೆದು ಮುಗಿಸಬೇಕು. ತಪ್ಪಿದರೆ ಎಷ್ಟು ಕಡೆದರೂ ಬೆಣ್ಣೆ ಒಟ್ಟುಗೂಡುವುದಿಲ್ಲ.

ಹಂಚಿನ ಸದ್ದು, ಗಡಿಗೆಯ ಹಟ ಎರಡಕ್ಕೂ ಕಾರಣ ಬೆಣ್ಣೆಯ ಒಳರಚನೆ. ಬಿಸ್ಕತ್ತು ಪುಡಿಪುಡಿಯಾಗುವುದು, ಕೇಕು ಉಬ್ಬುವುದು, ಖಾರಿ ಪದರ ಬಿಡುವುದು ಕೂಡ ಅದೇ ರಚನೆಯಿಂದ. ಅದು ತಿಳಿದರೆ ಬೆಣ್ಣೆಯನ್ನು ಎಲ್ಲಿ, ಹೇಗೆ, ಎಷ್ಟು ತಣ್ಣಗೆ ಬಳಸಬೇಕೆಂಬುದು ತಾನಾಗಿಯೇ ತಿಳಿಯುತ್ತದೆ.

ಬೆಣ್ಣೆಯಲ್ಲಿ ಏನಿದೆ

ಬೆಣ್ಣೆ ಎಂದರೆ ಬರೀ ಜಿಡ್ಡಲ್ಲ. ಅಂಗಡಿಯಲ್ಲಿ ಸಿಗುವ ಟೇಬಲ್ ಬೆಣ್ಣೆಯಲ್ಲಿ ಹಾಲಿನ ಜಿಡ್ಡು ಶೇ 80ಕ್ಕಿಂತ ಕಡಿಮೆ ಇರಬಾರದು, ನೀರು ಶೇ 16ನ್ನು ಮೀರಬಾರದು ಎಂಬುದು ಭಾರತದ ಆಹಾರ ಸುರಕ್ಷತಾ ನಿಯಮ. ಉಳಿದ ಅಲ್ಪ ಭಾಗದಲ್ಲಿ ಹಾಲಿನ ಪ್ರೋಟೀನು, ಹಾಲಿನ ಸಕ್ಕರೆಯಾದ ಲ್ಯಾಕ್ಟೋಸು, ಉಪ್ಪು ಬರುತ್ತವೆ. ಮನೆಯಲ್ಲಿ ಕಡೆದು ತೆಗೆದ ಬಿಳಿ ಬೆಣ್ಣೆಯಲ್ಲಿ ಉಪ್ಪಿಲ್ಲ. ಆದರೆ ನೀರು ಮತ್ತು ಮಜ್ಜಿಗೆಯ ಅಂಶ ಸಾಮಾನ್ಯವಾಗಿ ಇನ್ನೂ ಹೆಚ್ಚು. ತುಪ್ಪದಲ್ಲಾದರೋ ನೀರು ಶೇ 0.5ನ್ನು ದಾಟುವಂತಿಲ್ಲ.

ಕಾಲು ಕಿಲೋ ಟೇಬಲ್ ಬೆಣ್ಣೆಯಲ್ಲಿ ಸುಮಾರು 40 ಗ್ರಾಂ ನೀರಿರುತ್ತದೆ. ಆದರೂ ಬೆಣ್ಣೆ ಹಿಂಡಿದರೆ ನೀರು ಹರಿಯುವುದಿಲ್ಲ, ಏಕೆಂದರೆ ಆ ನೀರು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಜಿಡ್ಡಿನ ನಡುವೆ ಸಿಕ್ಕಿಕೊಂಡಿದೆ. ಚೆನ್ನಾಗಿ ನಾದಿದ ಬೆಣ್ಣೆಯಲ್ಲಿ ಒಂದೊಂದು ಹನಿಯ ಅಗಲ ಒಂದು ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಭಾಗ. ಹಾಲಿನಲ್ಲಿ ಇರುವುದು ಇದಕ್ಕೆ ತದ್ವಿರುದ್ಧ ವ್ಯವಸ್ಥೆ. ಅಲ್ಲಿ ನೀರಿನ ನಡುವೆ ಜಿಡ್ಡಿನ ಹನಿಗಳು ತೇಲುತ್ತಿರುತ್ತವೆ. ನೀರೊಳಗಿನ ಜಿಡ್ಡನ್ನು ಜಿಡ್ಡೊಳಗಿನ ನೀರಾಗಿ ತಿರುವಿ ಹಾಕುವ ಕೆಲಸವೇ ಕಡೆಯುವುದು.

ಕಡಗೋಲು ಮಾಡುವ ಕೆಲಸ

ಹಾಲಿನ ಪ್ರತಿಯೊಂದು ಜಿಡ್ಡಿನ ಹನಿಯ ಸುತ್ತಲೂ ಪ್ರೋಟೀನು ಮತ್ತು ಫಾಸ್ಫೋಲಿಪಿಡ್ಡುಗಳ ತೆಳ್ಳನೆಯ ಪೊರೆ ಇರುತ್ತದೆ. ಈ ಪೊರೆ ಇರುವವರೆಗೆ ಎರಡು ಹನಿಗಳು ಡಿಕ್ಕಿ ಹೊಡೆದರೂ ಕೂಡಿಕೊಳ್ಳುವುದಿಲ್ಲ. ಹಾಲು ಹೆಪ್ಪುಗೊಂಡು ಮೊಸರಾದಾಗ ಜಿಡ್ಡು ಗಟ್ಟಿ ಮೊಸರಿನ ಜಾಲದಲ್ಲಿ ಸಿಕ್ಕಿಕೊಂಡಿರುತ್ತದೆ. ಕಡಗೋಲು ಅತ್ತಿತ್ತ ತಿರುಗಿದಂತೆ ಆ ಜಾಲ ಒಡೆಯುತ್ತದೆ, ಗಾಳಿ ಸೇರಿ ನೊರೆ ಏಳುತ್ತದೆ. ಜಿಡ್ಡಿನ ಹನಿಗಳು ಆ ಗಾಳಿಗುಳ್ಳೆಗಳ ಮೈಗೆ ಬಂದು ಸೇರುತ್ತವೆ, ಒಂದಕ್ಕೊಂದು ಉಜ್ಜಿಕೊಳ್ಳುತ್ತವೆ, ಪೊರೆ ಹರಿಯುತ್ತದೆ.

ಪೊರೆ ಹರಿದ ಮಾತ್ರಕ್ಕೆ ಬೆಣ್ಣೆಯಾಗುವುದಿಲ್ಲ. ಹನಿಯೊಳಗಿನ ಜಿಡ್ಡಿನಲ್ಲಿ ಒಂದು ಪಾಲು ಹರಳುಗಟ್ಟಿರಬೇಕು, ಒಂದು ಪಾಲು ದ್ರವವಾಗಿರಬೇಕು. ಹರಳಿನ ಚೂಪು ತುದಿ ಪೊರೆಯಿಂದ ಹೊರಚಾಚಿ ಪಕ್ಕದ ಹನಿಯನ್ನು ಚುಚ್ಚುತ್ತದೆ. ಒಳಗಿಂದ ಒಸರಿದ ದ್ರವ ಜಿಡ್ಡು ಎರಡನ್ನೂ ಅಂಟಿಸುತ್ತದೆ. ಹೀಗೆ ಅಂಟಿದ ಹನಿಗಳು ಸಾಸಿವೆ ಗಾತ್ರದ ಕಾಳುಗಳಾಗಿ ಮೇಲೆ ತೇಲುತ್ತವೆ. ಕಾಳುಗಳು ಕೂಡಿ ಮುದ್ದೆಯಾಗುವಾಗ ಸುತ್ತಲಿನ ಮಜ್ಜಿಗೆಯ ಸಣ್ಣ ಹನಿಗಳು ಒಳಗೇ ಸಿಕ್ಕಿಬೀಳುತ್ತವೆ. ಹಂಚಿನ ಮೇಲೆ ಚಟಪಟ ಎನ್ನುವ ನೀರು ಬೆಣ್ಣೆಯೊಳಗೆ ಸೇರುವುದು ಈ ಗಳಿಗೆಯಲ್ಲಿ.

ಕಲಬುರಗಿ ಸೀಮೆಯ ಬೇಸಿಗೆಯಲ್ಲಿ ಹಗಲಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅಷ್ಟು ಬಿಸಿಯಲ್ಲಿ ಹಾಲಿನ ಜಿಡ್ಡಿನಲ್ಲಿ ಹರಳೇ ಉಳಿಯುವುದಿಲ್ಲ. ಚುಚ್ಚುವ ತುದಿಗಳಿಲ್ಲದ ದ್ರವ ಹನಿಗಳು ಕಡಗೋಲಿನ ಹೊಡೆತಕ್ಕೆ ಇನ್ನಷ್ಟು ಸಣ್ಣ ಹನಿಗಳಾಗಿ ಮಜ್ಜಿಗೆಯಲ್ಲೇ ಚದುರಿಹೋಗುತ್ತವೆ. ಜಿಡ್ಡು ಕಳೆದುಹೋಗಿಲ್ಲ, ಮಜ್ಜಿಗೆಯಲ್ಲೇ ಇದೆ, ಆದರೆ ಒಟ್ಟುಗೂಡದು. ಕೊರೆಯುವ ಚಳಿಯಲ್ಲಿ ತೊಂದರೆ ಇನ್ನೊಂದು ಬಗೆಯದು: ಹರಳುಗಳೇ ಹೆಚ್ಚಾಗಿ, ಅಂಟಿಸುವ ದ್ರವ ಸಾಲದೆ ಹೋಗುತ್ತದೆ. ಒಂದು ಕಾಲಕ್ಕೆ ತಣ್ಣೀರು, ಇನ್ನೊಂದು ಕಾಲಕ್ಕೆ ಬಿಸಿನೀರು ಬೆರೆಸುವ ರೂಢಿ ಈ ಎರಡು ತುದಿಗಳ ನಡುವೆ ಮೊಸರನ್ನು ತಂದು ನಿಲ್ಲಿಸುತ್ತದೆ. ಥರ್ಮಾಮೀಟರಿಲ್ಲದ ಮನೆಯಲ್ಲಿ ಬೆರಳೇ ಅಳತೆ. ಮುಟ್ಟಿದರೆ ತಂಪೆನಿಸಬೇಕು, ಕೊರೆಯಬಾರದು.

ಕರಿನೆಲ ಮತ್ತು ಬೆಣ್ಣೆ

ಜಿಡ್ಡು ನೀರಿನಂತೆ ಒಂದೇ ಉಷ್ಣತೆಯಲ್ಲಿ ಕರಗುವ ವಸ್ತುವಲ್ಲ. ಮಂಜುಗಡ್ಡೆ ಸೊನ್ನೆ ಡಿಗ್ರಿಯಲ್ಲಿ ಪೂರ್ತಿ ಕರಗುತ್ತದೆ. ಹಾಲಿನ ಜಿಡ್ಡಿನಲ್ಲಿ ನೂರಾರು ಬಗೆಯ ಕೊಬ್ಬಿನ ಅಣುಗಳು ಬೆರೆತಿವೆ. ಕೆಲವು ಫ್ರಿಜ್ಜಿನ ತಂಪಿನಲ್ಲೂ ದ್ರವವಾಗಿಯೇ ಇರುತ್ತವೆ, ಕೆಲವು ಮೈಬಿಸಿಯವರೆಗೂ ಗಟ್ಟಿಯಾಗಿರುತ್ತವೆ. ಹೀಗಾಗಿ ಪೂರ್ತಿ ಕರಗುವವರೆಗೆ ಬೆಣ್ಣೆ ಯಾವ ಹೊತ್ತಿನಲ್ಲಿ ನೋಡಿದರೂ ಹರಳು ಮತ್ತು ದ್ರವದ ಮಿಶ್ರಣ. ಉಷ್ಣತೆ ಬದಲಾದಂತೆ ಬದಲಾಗುವುದು ಇವೆರಡರ ಪಾಲು.

ಈ ಸೀಮೆಯ ಎರೆಭೂಮಿಯನ್ನು ಉತ್ತವರಿಗೆ ಇದು ಹೊಸ ಸಂಗತಿಯಲ್ಲ. ಒಣಗಿದ ಎರೆಮಣ್ಣು ಕಲ್ಲಿನಂತೆ ಗಟ್ಟಿ, ಕುಂಟೆ ಇಳಿಯದು. ಮಳೆ ಹೆಚ್ಚಾದರೆ ಕೆಸರು, ಕಾಲು ಹೂಳುತ್ತದೆ. ನಡುವೆ ಕೆಲವು ದಿನ ಮಾತ್ರ ಮಣ್ಣು ಹದಕ್ಕೆ ಬರುತ್ತದೆ. ಹಿಡಿದರೆ ಉಂಡೆಯಾಗುತ್ತದೆ, ಒತ್ತಿದ ಆಕಾರದಲ್ಲಿ ನಿಲ್ಲುತ್ತದೆ. ಬೆಣ್ಣೆಯಲ್ಲಿ ಹರಳುಗಳು ಮಣ್ಣಿನ ಕಣಗಳ ಜಾಗದಲ್ಲಿವೆ, ದ್ರವ ಜಿಡ್ಡು ತೇವದ ಜಾಗದಲ್ಲಿದೆ. ಮಣ್ಣಿನ ಹದವನ್ನು ಮಳೆ ನಿರ್ಧರಿಸಿದರೆ, ಬೆಣ್ಣೆಯ ಹದವನ್ನು ಬಿಸಿ ನಿರ್ಧರಿಸುತ್ತದೆ.

ಅಂದಾಜಿನ ಲೆಕ್ಕ ಹೀಗಿದೆ. ಫ್ರಿಜ್ಜಿನ 5 ಡಿಗ್ರಿಯಲ್ಲಿ ಜಿಡ್ಡಿನ ಸುಮಾರು ಅರ್ಧದಷ್ಟು ಹರಳಾಗಿರುತ್ತದೆ, ಬೆಣ್ಣೆ ಚಾಕುವಿಗೆ ತುಂಡಾಗುತ್ತದೆ. 20 ಡಿಗ್ರಿಯ ಹತ್ತಿರ ಹರಳು ಐದನೇ ಒಂದು ಪಾಲಿಗೆ ಇಳಿಯುತ್ತದೆ, ಬೆರಳಿಗೆ ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯುತ್ತದೆ. ಇದೇ ಹದ. 30 ಡಿಗ್ರಿ ಮುಟ್ಟುವಾಗ ಉಳಿಯುವ ಹರಳು ತೀರ ಕಡಿಮೆ, ಬೆಣ್ಣೆ ಕುಸಿಯುತ್ತದೆ. 37ರಿಂದ 40 ಡಿಗ್ರಿಯೊಳಗೆ ಎಲ್ಲವೂ ದ್ರವ. ಬೆಣ್ಣೆ ಬಾಯಲ್ಲಿ ಕರಗುವುದು ಕೂಡ ಈ ಲೆಕ್ಕದಿಂದಲೇ, ಏಕೆಂದರೆ ನಾಲಿಗೆಯ ಬಿಸಿ ಬೆಣ್ಣೆಯ ಕೊನೆಯ ಹರಳುಗಳು ಕರಗುವ ಬಿಸಿಗೆ ಸರಿಹೊಂದುತ್ತದೆ.

ಎಮ್ಮೆಯ ಬೆಣ್ಣೆ ಆಕಳ ಬೆಣ್ಣೆಗಿಂತ ತುಸು ಗಟ್ಟಿ. ಎಮ್ಮೆ ಹಾಲಿನಲ್ಲಿ ಜಿಡ್ಡು ಸಾಮಾನ್ಯವಾಗಿ ಶೇ 6ರಿಂದ 8, ಆಕಳ ಹಾಲಿನಲ್ಲಿ ಶೇ 3.5ರಿಂದ 4.5. ಎಮ್ಮೆಯ ಜಿಡ್ಡಿನ ಹನಿಗಳು ದೊಡ್ಡವು, ಅವು ಕರಗುವ ಬಿಸಿಯೂ ಕೊಂಚ ಹೆಚ್ಚು. ಶೇ 7 ಜಿಡ್ಡಿನ ಎಮ್ಮೆ ಹಾಲಾದರೆ ಒಂದು ಕಿಲೋ ಬೆಣ್ಣೆಗೆ ಸುಮಾರು 12 ಲೀಟರ್ ಸಾಕು, ಶೇ 4ರ ಆಕಳ ಹಾಲಾದರೆ 20 ಲೀಟರಿಗೂ ಹೆಚ್ಚು ಬೇಕು. ಮೇವಿನಲ್ಲಿರುವ ಕ್ಯಾರೋಟಿನ್ ಎಂಬ ಹಳದಿ ಬಣ್ಣವನ್ನು ಎಮ್ಮೆಯ ದೇಹ ಎ ಜೀವಸತ್ವವಾಗಿ ಬದಲಿಸಿಬಿಡುತ್ತದೆ, ಹಾಗಾಗಿ ಅದರ ಬೆಣ್ಣೆ ಬೆಳ್ಳಗಿರುತ್ತದೆ. ಬೀದರ್ ಸೀಮೆಯ ದೇವಣಿ ಆಕಳಾಗಲಿ, ಬೇರೆ ತಳಿಯ ಆಕಳಾಗಲಿ, ಆ ಬಣ್ಣದ ಒಂದು ಪಾಲನ್ನು ಹಾಗೆಯೇ ಹಾಲಿಗೆ ಬಿಡುತ್ತದೆ. ಬೆಣ್ಣೆ ಹಳದಿಯಾಗುತ್ತದೆ.

ರೊಟ್ಟಿಯ ಮೇಲೆ

ಬಿಸಿ ಜೋಳದ ರೊಟ್ಟಿಯ ಮೇಲೆ ಇಟ್ಟ ಬೆಣ್ಣೆ ಕರಗುತ್ತಿದ್ದಂತೆ ಅದರ ಎರಡು ಪಾಲುಗಳು ಬೇರಾಗುತ್ತವೆ. ಹರಳುಗಳ ಹಿಡಿತ ಸಡಿಲಿ ನೀರಿನ ಹನಿಗಳು ಬಿಡುಗಡೆಯಾಗುತ್ತವೆ. ರೊಟ್ಟಿಯ ಪಿಷ್ಟ ಆ ನೀರನ್ನೂ ಜಿಡ್ಡನ್ನೂ ಹೀರಿ ಮೆತ್ತಗಾಗುತ್ತದೆ. ಖಡಕ್ ರೊಟ್ಟಿಯ ಮೇಲೆ ತಣ್ಣನೆಯ ಬೆಣ್ಣೆ ಸವರಿದಾಗ ಹೀಗಾಗುವುದಿಲ್ಲ. ಹರಳುಗಳು ಇನ್ನೂ ನೀರನ್ನು ಹಿಡಿದುಕೊಂಡಿರುತ್ತವೆ, ರೊಟ್ಟಿಗೆ ತೇವ ತಗಲದು, ಗರಿಗರಿ ಉಳಿಯುತ್ತದೆ. ಖಡಕ್ ರೊಟ್ಟಿಗೆ ಬೆಣ್ಣೆ ತಣ್ಣಗಿರಲಿ, ಮೆತ್ತನೆ ರೊಟ್ಟಿಗೆ ರೊಟ್ಟಿಯೇ ಬಿಸಿಯಿರಲಿ ಎಂಬುದು ಇಲ್ಲಿಂದ ಸಿಗುವ ಸರಳ ಸೂತ್ರ.

ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ರಂಜಕದ ಜೊತೆ ಬೆಣ್ಣೆ ಇಡುವ ಪದ್ಧತಿಗೂ ಒಂದು ಕಾರಣವಿದೆ. ಮೆಣಸಿನಕಾಯಿಯ ಉರಿಗೆ ಕಾರಣವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ನೀರು ಕುಡಿದರೆ ಉರಿ ಬಾಯಿಯ ತುಂಬ ಹರಡುತ್ತದೆ. ಬೆಣ್ಣೆ ತಿಂದರೆ ಅದರ ಜಿಡ್ಡು ಉರಿಯ ಅಂಶವನ್ನು ತನ್ನೊಳಗೆ ಕರಗಿಸಿಕೊಂಡು ನಾಲಿಗೆಯಿಂದ ಬಿಡಿಸುತ್ತದೆ. ಜೋಳ, ಸಜ್ಜೆಗಳಲ್ಲಿ ಜಿಡ್ಡು ಕಡಿಮೆ, ಪಲ್ಯ ಖಾರ. ಊಟಕ್ಕೆ ಬೇಕಾದ ಜಿಡ್ಡೂ ಖಾರಕ್ಕೆ ಬೇಕಾದ ತಡೆಯೂ ಒಂದೇ ಉಂಡೆಯಿಂದ ಒದಗುತ್ತವೆ.

ಹಂಚಿನ ಸದ್ದು

ಕಾದ ಹಂಚಿನ ಮೇಲೆ ಬೆಣ್ಣೆ ಮೊದಲು ಕರಗುತ್ತದೆ. ಜಿಡ್ಡಿಗಿಂತ ಭಾರವಾದ ನೀರಿನ ಹನಿಗಳು ತಳಕ್ಕಿಳಿದು ಕಾದ ಕಬ್ಬಿಣವನ್ನು ಮುಟ್ಟುತ್ತವೆ, ಕ್ಷಣದಲ್ಲಿ ಆವಿಯಾಗುತ್ತವೆ. ನೀರು ಆವಿಯಾದಾಗ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಪ್ರತಿಯೊಂದು ಹನಿಯೂ ಸಣ್ಣದಾಗಿ ಸಿಡಿದು ಜಿಡ್ಡನ್ನು ಎತ್ತಿ ಚಿಮ್ಮಿಸುತ್ತದೆ. ಕಿವಿಗೆ ಬೀಳುವ ಚಟಪಟ ಇದು. ನೀರು ತೀರಿತೆಂದರೆ ಸದ್ದು ನಿಲ್ಲುತ್ತದೆ. ತುಪ್ಪದಲ್ಲಿ ನೀರನ್ನು ಕಾಯಿಸಿ ಮೊದಲೇ ಹೊರಹಾಕಿರುವುದರಿಂದ ಸಿಡಿಯಲು ಏನೂ ಉಳಿದಿಲ್ಲ.

ನೀರು ಇರುವವರೆಗೆ ಬೆಣ್ಣೆಯ ಬಿಸಿ 100 ಡಿಗ್ರಿಯ ಹತ್ತಿರವೇ ನಿಲ್ಲುತ್ತದೆ, ಏಕೆಂದರೆ ಒಲೆ ಕೊಡುವ ಬಿಸಿಯೆಲ್ಲ ನೀರನ್ನು ಆವಿ ಮಾಡಲು ಖರ್ಚಾಗುತ್ತದೆ. ನೀರು ಮುಗಿದ ಕೂಡಲೇ ಬಿಸಿ ಏರತೊಡಗುತ್ತದೆ. ಆಗ ಬೆಣ್ಣೆಯಲ್ಲಿದ್ದ ಹಾಲಿನ ಪ್ರೋಟೀನು ಮತ್ತು ಲ್ಯಾಕ್ಟೋಸು ಒಂದರೊಡನೊಂದು ಕೂಡಿ ಕಂದುಬಣ್ಣಕ್ಕೆ ತಿರುಗುತ್ತವೆ, ಹುರಿದ ಕಾಳಿನ ಪರಿಮಳ ಹೊಮ್ಮುತ್ತದೆ. ಇದನ್ನು 1912ರಲ್ಲಿ ವಿವರಿಸಿದವನು ಫ್ರಾನ್ಸಿನ ರಸಾಯನ ವಿಜ್ಞಾನಿ ಲೂಯಿ ಕಮೀಯ್ ಮೆಯ್ಯಾರ್. ರೊಟ್ಟಿಯ ಮೇಲಿನ ಕಂದು ಕಲೆ, ಹುರಿದ ಶೇಂಗಾದ ಘಮ, ಬ್ರೆಡ್ಡಿನ ಕೆಂಪು ಮೈ ಎಲ್ಲವೂ ಇದೇ ಕ್ರಿಯೆಯ ಫಲ. ಆದರೆ ಬಿಸಿ 150 ಡಿಗ್ರಿಯ ಸುಮಾರಿಗೆ ಬಂದರೆ ಈ ಅಂಶ ಕರಕಲಾಗಿ ಕಹಿಯಾಗುತ್ತದೆ, ಹೊಗೆ ಏಳುತ್ತದೆ. ಹಾಲಿನ ಗಸಿ ಇಲ್ಲದ ತುಪ್ಪ 250 ಡಿಗ್ರಿಯ ಹತ್ತಿರದವರೆಗೂ ತಡೆಯುತ್ತದೆ.

ಒಗ್ಗರಣೆಗೆ ಬೆಣ್ಣೆ ಸಲ್ಲದಿರುವುದು ಇದಕ್ಕೇ. ಸಾಸಿವೆ ಸಿಡಿಯುವಷ್ಟು ಬಿಸಿ ಏರಬೇಕಾದರೆ ನೀರು ಪೂರ್ತಿ ಹೋಗಬೇಕು. ಅಷ್ಟರಲ್ಲಿ ಹಾಲಿನ ಅಂಶ ಸೀಯಲು ಶುರುವಾಗಿರುತ್ತದೆ. ಒಗ್ಗರಣೆಗೆ, ಕರಿಯುವುದಕ್ಕೆ ತುಪ್ಪ ಅಥವಾ ಎಣ್ಣೆ ಸರಿ. ಬೇಳೆಗೆ, ಪಲ್ಯಕ್ಕೆ, ಬಿಸಿ ಅನ್ನಕ್ಕೆ ಕೊನೆಯಲ್ಲಿ ಬೆರೆಸಲು ಬೆಣ್ಣೆ ಸರಿ.

ದಾವಣಗೆರೆಯ ಬೆಣ್ಣೆ ದೋಸೆಗೆ ಧಾರಾಳವಾಗಿ ಬೆಣ್ಣೆ ಹಾಕುತ್ತಾರೆ, ಆದರೂ ಅದು ಸೀಯುವುದಿಲ್ಲ. ಅಲ್ಲಿ ಬೆಣ್ಣೆ ಬೀಳುವುದು ಹಸಿ ಹಿಟ್ಟಿನ ಮೇಲೆ ಮತ್ತು ಸುತ್ತ. ಹಿಟ್ಟಿನಲ್ಲಿ ತೇವ ಇರುವಷ್ಟು ಹೊತ್ತು ಅದು ಬೆಣ್ಣೆಯ ಬಿಸಿಯನ್ನೂ ಹಿಡಿದು ನಿಲ್ಲಿಸುತ್ತದೆ. ದೋಸೆಯ ಅಂಚು ಒಣಗಿದಾಗ ಅಲ್ಲಿಗೆ ಸರಿದ ಬೆಣ್ಣೆಯ ಬಿಸಿ ಏರಿ, ಹಾಲಿನ ಅಂಶ ಕೆಂಪಾಗಿ, ಅಂಚು ಗರಿಗರಿಯಾಗುತ್ತದೆ. ದೋಸೆಯನ್ನು ಹಂಚಿನಿಂದ ತೆಗೆಯುವ ಹೊತ್ತೂ ಅದೇ. ಬರಿ ಹಂಚಿನ ಮೇಲೆ ಬೆಣ್ಣೆ ಹಾಕಿ ಕಾಯುತ್ತ ಕೂತರೆ ಈ ರಕ್ಷಣೆ ಇರುವುದಿಲ್ಲ.

ತುಪ್ಪವಾಗುವ ಹೊತ್ತು

ಬೆಣ್ಣೆ ಕಾಯಿಸುವವರು ಕಿವಿ ಮತ್ತು ಮೂಗನ್ನು ನಂಬುತ್ತಾರೆ, ನಂಬುವುದು ಸರಿಯೂ ಹೌದು. ಮೊದಲು ಬೆಣ್ಣೆ ಗುಳುಗುಳು ಕುದಿಯುತ್ತದೆ, ಮೇಲೆ ದಪ್ಪ ನೊರೆ ಕಟ್ಟುತ್ತದೆ. ಇದು ನೀರು ಹೋಗುವ ಹಂತ, ಉರಿ ತುಸು ಜೋರಾಗಿದ್ದರೂ ಅಪಾಯವಿಲ್ಲ. ಸದ್ದು ಇಳಿದು ಗುಳ್ಳೆಗಳು ಸಣ್ಣವಾದಾಗ ನೀರು ತೀರುತ್ತ ಬಂದಿದೆಯೆಂದು ಅರ್ಥ. ಉರಿ ಸಣ್ಣ ಮಾಡಬೇಕಾದ್ದು ಆಗಲೇ. ಇಲ್ಲಿಂದ ಬಿಸಿ 110, 120 ಡಿಗ್ರಿಗೆ ಬೇಗ ಏರುತ್ತದೆ, ತಳದ ಗಸಿ ನಿಮಿಷಗಳಲ್ಲಿ ಹೊಂಬಣ್ಣದಿಂದ ಕಪ್ಪಿಗೆ ತಿರುಗಬಹುದು. ಗಸಿ ಹೊಂಬಣ್ಣದಲ್ಲಿರುವಾಗ ಇಳಿಸಿದರೆ ತುಪ್ಪಕ್ಕೆ ಘಮ, ತಡ ಮಾಡಿದರೆ ಕಮಟು.

ಕೊನೆಗೆ ಹಾಕುವ ವೀಳ್ಯದೆಲೆ ಅಥವಾ ನುಗ್ಗೆಸೊಪ್ಪು ಎರಡು ಕೆಲಸ ಮಾಡುತ್ತದೆ. ಎಲೆಯ ಹಸಿ ಆರಿ ಗರಿಗರಿಯಾಗುವುದು ಬಿಸಿ ಸಾಕಷ್ಟು ಏರಿದ್ದಕ್ಕೆ ಗುರುತು. ಎಲೆಯ ಫಿನಾಲಿಕ್ ಅಂಶಗಳು ತುಪ್ಪಕ್ಕೆ ಇಳಿದು ಅದು ಗಾಳಿಗೆ ಕೆಡುವುದನ್ನು ನಿಧಾನಿಸುತ್ತವೆ. ಇಳಿಸಿದ ತುಪ್ಪವನ್ನು ಅಲುಗಿಸದೆ ನಿಧಾನವಾಗಿ ಆರಲು ಬಿಟ್ಟರೆ ಕರಗುವ ಬಿಸಿ ಹೆಚ್ಚಿರುವ ಕೊಬ್ಬು ಮೊದಲು ದೊಡ್ಡ ಹರಳು ಕಟ್ಟುತ್ತದೆ, ಮರಳು ಮರಳಾದ ತುಪ್ಪ ಸಿಗುತ್ತದೆ. ಬಿಸಿಯಿರುವಾಗಲೇ ಫ್ರಿಜ್ಜಿಗೆ ಇಟ್ಟರೆ ಹರಳುಗಳು ಸಣ್ಣವಾಗಿಯೇ ಉಳಿದು ತುಪ್ಪ ನುಣ್ಣಗೆ ಗಟ್ಟಿಯಾಗುತ್ತದೆ. ರುಚಿಯಲ್ಲಿ ವ್ಯತ್ಯಾಸ ಕಡಿಮೆ, ಬಾಯಿಗೆ ಸಿಗುವ ಅನುಭವ ಬೇರೆ.

ಬಿಸ್ಕತ್ತು ಪುಡಿಯಾಗುವ ಬಗೆ

ಗೋಧಿ ಅಥವಾ ಮೈದಾ ಹಿಟ್ಟಿಗೆ ನೀರು ಬಿದ್ದು ನಾದಿದಾಗ ಅದರ ಪ್ರೋಟೀನುಗಳು ಕೂಡಿ ಎಳೆದರೆ ಜಗ್ಗುವ ಅಂಟಾಗುತ್ತವೆ. ಇದಕ್ಕೆ ಗ್ಲುಟೆನ್ ಎನ್ನುತ್ತಾರೆ. ಹೋಳಿಗೆಯ ಕಣಕಕ್ಕೆ, ಚಪಾತಿಗೆ ಈ ಅಂಟು ಬೇಕು. ಬಿಸ್ಕತ್ತಿಗೆ, ನಾನ್‌ಖಟಾಯಿಗೆ, ಶಂಕರಪಾಳಿಗೆ ಬೇಡ. ನೀರು ಸೇರುವ ಮೊದಲೇ ಬೆಣ್ಣೆಯನ್ನು ಹಿಟ್ಟಿಗೆ ಉಜ್ಜಿದರೆ ಜಿಡ್ಡು ಹಿಟ್ಟಿನ ಕಣಗಳ ಮೈಗೆ ಸವರಿಕೊಂಡು ನೀರನ್ನು ತಡೆಯುತ್ತದೆ, ಅಂಟಿನ ಎಳೆಗಳು ಉದ್ದ ಬೆಳೆಯುವುದಿಲ್ಲ. ಬೆಂದ ಮೇಲೆ ಬಿಸ್ಕತ್ತು ಹಲ್ಲಿಗೆ ಸಿಕ್ಕೊಡನೆ ಪುಡಿಯಾಗುತ್ತದೆ.

ಬೆಣ್ಣೆ ಬಳಸುವುದಕ್ಕೂ ತುಪ್ಪ ಬಳಸುವುದಕ್ಕೂ ಇರುವ ಅಂತರ ಇಲ್ಲಿ ಸ್ಪಷ್ಟ. ತುಪ್ಪದಲ್ಲಿ ನೀರಿಲ್ಲ, ಆದ್ದರಿಂದ ಅಂಟು ಹುಟ್ಟುವ ಅವಕಾಶವೇ ಕಡಿಮೆ. ತುಪ್ಪದ ನಾನ್‌ಖಟಾಯಿ ತುಂಬ ಉದುರು. ಬೆಣ್ಣೆಯ ನೀರು ತುಸು ಅಂಟನ್ನು ಹುಟ್ಟಿಸುತ್ತದೆ, ಬಿಸ್ಕತ್ತಿಗೆ ಸ್ವಲ್ಪ ಬಿಗಿ ಬರುತ್ತದೆ. ಹಾಲಿನ ಅಂಶದಿಂದ ಕಂದುಬಣ್ಣ ಮತ್ತು ಪರಿಮಳವೂ ಬರುತ್ತವೆ. ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳ ಬೆಣ್ಣೆ ಬಿಸ್ಕತ್ತಿನ ಘಮದಲ್ಲಿ ಈ ಅಂಶಕ್ಕೆ ದೊಡ್ಡ ಪಾಲಿದೆ.

ಜೋಳದ ಹಿಟ್ಟಿನಲ್ಲಿ ಗ್ಲುಟೆನ್ ಇಲ್ಲ. ರೊಟ್ಟಿಗೆ ಕುದಿನೀರು ಹಾಕಿ ನಾದುವುದು ಪಿಷ್ಟವನ್ನು ಅರೆಬೇಯಿಸಿ ಅದರಿಂದಲೇ ಅಂಟು ಪಡೆಯುವುದಕ್ಕೆ. ಒಲೆಯ ಪಕ್ಕದ ಈ ತಿಳಿವಳಿಕೆ ಬಿಸ್ಕತ್ತಿಗೂ ನೆರವಾಗುತ್ತದೆ. ಬರೀ ಜೋಳದ ಹಿಟ್ಟಿಗೆ ಮೈದಾದಷ್ಟೇ ಬೆಣ್ಣೆ ಹಾಕಿದರೆ ಬಿಸ್ಕತ್ತು ಕೈಯಲ್ಲೇ ಉದುರುತ್ತದೆ, ತಡೆಯಬೇಕಾದ ಅಂಟೇ ಇಲ್ಲದ ಹಿಟ್ಟಿಗೆ ತಡೆ ಹಾಕಿದಂತಾಗುತ್ತದೆ. ಬೆಣ್ಣೆ ಕೊಂಚ ಕಡಿಮೆ ಮಾಡಬೇಕು, ಇಲ್ಲವೇ ಕಾಲು ಪಾಲು ಗೋಧಿ ಹಿಟ್ಟು ಬೆರೆಸಬೇಕು. ಕಲಸಿದ ಹಿಟ್ಟನ್ನು ಅರ್ಧ ಗಂಟೆ ತಂಪಿನಲ್ಲಿಟ್ಟರೆ ಬೆಣ್ಣೆಯ ಹರಳುಗಳು ಮತ್ತೆ ಗಟ್ಟಿಯಾಗಿ ಹಿಟ್ಟನ್ನು ಹಿಡಿದಿಡುತ್ತವೆ. ಒಲೆಯಲ್ಲಿ ಬಿಸ್ಕತ್ತು ಹರಡಿಕೊಳ್ಳುವುದೂ ಕಡಿಮೆಯಾಗುತ್ತದೆ.

ಕೇಕು ಉಬ್ಬುವ ಬಗೆ

ಕೇಕಿನ ಮೊದಲ ಹೆಜ್ಜೆ ಬೆಣ್ಣೆ, ಸಕ್ಕರೆ ಎರಡನ್ನೂ ಸೇರಿಸಿ ತಿಕ್ಕುವುದು. ಸಕ್ಕರೆ ಕರಗಲೆಂದು ಹೀಗೆ ಮಾಡುತ್ತಾರೆ ಎಂಬ ನಂಬಿಕೆ ಸಾಮಾನ್ಯ. ಅಸಲು ಕೆಲಸ ಗಾಳಿ ತುಂಬುವುದು. ಸಕ್ಕರೆಯ ಚೂಪು ಅಂಚುಗಳು ಬೆಣ್ಣೆಯನ್ನು ಕೊರೆಯುತ್ತ ಗಾಳಿಯ ಸಣ್ಣ ಗುಳ್ಳೆಗಳನ್ನು ಒಳಗೆ ಎಳೆಯುತ್ತವೆ, ಜಿಡ್ಡಿನ ಹರಳುಗಳು ಆ ಗುಳ್ಳೆಗಳ ಸುತ್ತ ನಿಂತು ಕುಸಿಯದಂತೆ ಕಾಯುತ್ತವೆ. ಬೆಣ್ಣೆ ಬೆಳ್ಳಗೆ ತಿರುಗುವುದು ಒಳಗೆ ಗಾಳಿ ಸೇರಿದ್ದಕ್ಕೆ ಸಾಕ್ಷಿ.

ಬೇಕಿಂಗ್ ಪೌಡರ್ ಹೊಸ ಗುಳ್ಳೆಗಳನ್ನು ಅಷ್ಟಾಗಿ ಹುಟ್ಟಿಸುವುದಿಲ್ಲ. ಅದರಿಂದ ಬರುವ ಇಂಗಾಲದ ಡೈ ಆಕ್ಸೈಡು ಆಗಲೇ ಇರುವ ಗುಳ್ಳೆಗಳೊಳಗೆ ಸೇರಿ ಅವನ್ನು ಹಿಗ್ಗಿಸುತ್ತದೆ. ಬೆಣ್ಣೆಯ ನೀರು ಆವಿಯಾಗಿ ಅದೇ ಗುಳ್ಳೆಗಳನ್ನು ಸೇರುತ್ತದೆ. ತಿಕ್ಕುವಾಗ ಗಾಳಿ ಸೇರದಿದ್ದರೆ ಪೌಡರ್ ಎಷ್ಟು ಹಾಕಿದರೂ ಕೇಕು ಒರಟಾಗಿ, ದೊಡ್ಡ ತೂತುಗಳಿಂದ ಕೂಡಿರುತ್ತದೆ.

ಗಾಳಿಯನ್ನು ಹಿಡಿಯಬಲ್ಲ ಹದ 18ರಿಂದ 21 ಡಿಗ್ರಿಯ ಆಸುಪಾಸಿನದು. ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಬೆಣ್ಣೆ ಒಣ ಎರೆಯಂತೆ ಮಣಿಯದು, ಕರಗಿದ ಬೆಣ್ಣೆ ಕೆಸರಿನಂತೆ ಗುಳ್ಳೆಗಳನ್ನು ಬಿಟ್ಟುಬಿಡುತ್ತದೆ. ಪಾಕಪುಸ್ತಕಗಳು ಬೆಣ್ಣೆ ಕೋಣೆಯ ಉಷ್ಣತೆಯಲ್ಲಿರಲಿ ಎನ್ನುತ್ತವೆ. ಆ ಮಾತು ತಂಪು ನಾಡುಗಳ ಕೋಣೆಗೆ ಸರಿ. ಏಪ್ರಿಲ್, ಮೇ ತಿಂಗಳ ನಿಂಬರ್ಗಾದ ಕೋಣೆಗೆ ಅದನ್ನೇ ಅನ್ವಯಿಸಿದರೆ ಪಾತ್ರೆಯಲ್ಲಿರುವುದು ಎಣ್ಣೆ. ಇಲ್ಲಿ ಕೆಲಸವನ್ನು ನಸುಕಿನಲ್ಲಿ ಮಾಡುವುದು ಒಳ್ಳೆಯದು. ಬೆಣ್ಣೆಯ ಪಾತ್ರೆಯನ್ನು ಮಣ್ಣಿನ ಗಡಿಗೆಯ ತಣ್ಣೀರು ತುಂಬಿದ ಅಗಲ ಪಾತ್ರೆಯೊಳಗೆ ಕೂರಿಸಿ ತಿಕ್ಕಬಹುದು. ಗಡಿಗೆಯ ಮೈಯಿಂದ ನೀರು ಒಸರಿ ಆರುವಾಗ ಒಳಗಿನ ನೀರಿನ ಬಿಸಿಯನ್ನು ಹೊತ್ತೊಯ್ಯುತ್ತದೆ. ಈ ಸೀಮೆಯ ಒಣಗಾಳಿಯಲ್ಲಿ ಆ ತಂಪು ಚೆನ್ನಾಗಿ ಸಿಗುತ್ತದೆ. ಮೊಟ್ಟೆ, ಹಾಲು, ಮೊಸರುಗಳನ್ನೂ ಹೆಚ್ಚುಕಡಿಮೆ ಅದೇ ತಂಪಿಗೆ ತರಬೇಕು. ಕೊರೆಯುವ ಹಾಲು ಸುರಿದರೆ ಬೆಣ್ಣೆ ತಟ್ಟನೆ ಗಟ್ಟಿಯಾಗಿ ಮಿಶ್ರಣ ಒಡೆಯುತ್ತದೆ.

ಓವನ್ ಇಲ್ಲದ ಮನೆಯಲ್ಲಿ ದಪ್ಪ ತಳದ ಪಾತ್ರೆಯಲ್ಲಿ ಶುದ್ಧ ಮರಳು ಅಥವಾ ಹರಳುಪ್ಪು ಹರಡಿ, ಮುಚ್ಚಳ ಮುಚ್ಚಿ, ಕಾಯಿಸಿ, ಅದರೊಳಗೆ ಕೇಕಿನ ಡಬ್ಬಿ ಇಟ್ಟು ಬೇಯಿಸಬಹುದು. ಮರಳು ಬಿಸಿಯನ್ನು ನಿಧಾನವಾಗಿ, ಸಮನಾಗಿ ಬಿಡುತ್ತದೆ, ತಳ ಸೀಯುವುದು ತಪ್ಪುತ್ತದೆ. ಕುಕ್ಕರ್ ಬಳಸುವುದಾದರೆ ಗ್ಯಾಸ್ಕೆಟ್ಟು, ವಿಶಲ್ ಎರಡನ್ನೂ ತೆಗೆದಿರಬೇಕು. ಬೆಣ್ಣೆಯಿಂದಲೂ ಹಿಟ್ಟಿನಿಂದಲೂ ಹೊರಡುವ ಆವಿಗೆ ದಾರಿ ಬೇಕು.

ಖಾರಿಯ ಪದರ

ಕಲಬುರಗಿಯ ಬೇಕರಿಗಳಲ್ಲಿ ಚಹಾದ ಜೊತೆ ಕೊಡುವ ಖಾರಿಯನ್ನು ಬೆಣ್ಣೆಯಲ್ಲಿ ಮಾಡಿದರೆ ಅದರ ನೀರು ತನ್ನ ಪೂರ್ತಿ ಬಲ ತೋರುತ್ತದೆ. ಮೈದಾ ಹಿಟ್ಟಿನ ಹಾಳೆಯ ಮೇಲೆ ಜಿಡ್ಡಿನ ಹಾಳೆ ಇಟ್ಟು, ಮಡಚಿ, ಲಟ್ಟಿಸಿ, ಮತ್ತೆ ಮಡಚುತ್ತಾರೆ. ಮೂರು ಮಡಿಕೆಯಂತೆ ಆರು ಸಲ ಮಡಚಿದರೆ ಪದರಗಳ ಸಂಖ್ಯೆ ಏಳುನೂರು ದಾಟುತ್ತದೆ. ಒಲೆಯ ಬಿಸಿಗೆ ಜಿಡ್ಡು ಕರಗಿ ಎರಡು ಹಿಟ್ಟಿನ ಪದರಗಳು ಅಂಟದಂತೆ ತಡೆಯುತ್ತದೆ, ಬೆಣ್ಣೆಯಲ್ಲೂ ಹಿಟ್ಟಿನಲ್ಲೂ ಇದ್ದ ನೀರು ಆವಿಯಾಗಿ ಪದರಗಳನ್ನು ಎತ್ತುತ್ತದೆ. 100 ಗ್ರಾಂ ಬೆಣ್ಣೆಯ 16 ಗ್ರಾಂ ನೀರು ಪೂರ್ತಿ ಆವಿಯಾದರೆ 27 ಲೀಟರಿನಷ್ಟು ಜಾಗ ತುಂಬುತ್ತದೆ. ತುಪ್ಪ ಬಳಸಿದರೆ ಈ ಆವಿ ಸಿಗುವುದಿಲ್ಲ, ಎತ್ತುವ ಕೆಲಸ ಹಿಟ್ಟಿನ ನೀರೊಂದರ ಮೇಲೇ ಬೀಳುತ್ತದೆ.

ಲಟ್ಟಿಸುವಾಗ ಬೆಣ್ಣೆ ಹದ ತಪ್ಪಬಾರದು. ಗಟ್ಟಿಯಾದರೆ ತುಂಡಾಗಿ ಹಿಟ್ಟನ್ನು ಹರಿಯುತ್ತದೆ, ಮೆತ್ತಗಾದರೆ ಹಿಟ್ಟಿನೊಳಗೆ ಇಂಗಿ ಪದರ ಅಳಿಸಿಹೋಗುತ್ತದೆ. ಬಿಸಿಲುನಾಡಿನ ಬೇಕರಿಗಳು ಖಾರಿಗೆ ಬೆಣ್ಣೆ ಬಿಟ್ಟು ವನಸ್ಪತಿ ಅಥವಾ ಮಾರ್ಗರೀನ್ ಹಿಡಿಯಲು ಬೆಲೆಯ ಜೊತೆ ಇದೂ ಕಾರಣ. ಅವುಗಳ ಹರಳುಗಳು ಹೆಚ್ಚು ಬಿಸಿಯವರೆಗೂ ಕರಗುವುದಿಲ್ಲ. ಲಟ್ಟಿಸಲು ಸುಲಭ, ಆದರೆ ಅದೇ ಗುಣದಿಂದ ಬಾಯಿಯ ಬಿಸಿಗೂ ಪೂರ್ತಿ ಕರಗದೆ ಅಂಗುಳಕ್ಕೆ ಮೆತ್ತಿಕೊಳ್ಳುತ್ತವೆ. ಹಳೆಯ ವಿಧಾನದ ವನಸ್ಪತಿಯಲ್ಲಿ ಹೃದಯಕ್ಕೆ ಹಾನಿಕರವಾದ ಟ್ರಾನ್ಸ್ ಕೊಬ್ಬು ಬಹಳವಿರುತ್ತಿತ್ತು. 2022ರಿಂದ ಭಾರತದಲ್ಲಿ ಎಣ್ಣೆ, ವನಸ್ಪತಿಗಳಲ್ಲಿ ಅದು ಶೇ 2ನ್ನು ಮೀರಬಾರದೆಂಬ ನಿಯಮವಿದೆ.

ಒಂದರ ಬದಲು ಇನ್ನೊಂದು

ಪಾಕವಿಧಾನದಲ್ಲಿ ಬೆಣ್ಣೆ ಎಂದು ಹೇಳಿದ್ದು, ಮನೆಯಲ್ಲಿ ತುಪ್ಪ ಮಾತ್ರ ಇದ್ದರೆ ನೀರಿನ ಲೆಕ್ಕ ಹಿಡಿದು ಬದಲಿಸಬಹುದು. 100 ಗ್ರಾಂ ಬೆಣ್ಣೆಗೆ ಸುಮಾರು 80 ಗ್ರಾಂ ತುಪ್ಪ, ಮೂರು ನಾಲ್ಕು ಚಿಕ್ಕ ಚಮಚ ಹಾಲು. ಹಾಲು ನೀರನ್ನೂ ಕಂದುಬಣ್ಣದ ಅಂಶವನ್ನೂ ತುಂಬಿಕೊಡುತ್ತದೆ. ಗಟ್ಟಿ ತುಪ್ಪವಾದರೆ ತಿಕ್ಕಿದಾಗ ಒಂದಷ್ಟು ಗಾಳಿ ಹಿಡಿಯುತ್ತದೆ, ಕರಗಿದ ತುಪ್ಪ ಹಿಡಿಯದು.

ಮನೆಯ ಬಿಳಿ ಬೆಣ್ಣೆ ಬಳಸುವುದಾದರೆ ಅದನ್ನು ತಣ್ಣೀರಿನಲ್ಲಿ ಎರಡು ಮೂರು ಸಲ ತೊಳೆದು, ಹಿಂಡಿ ನೀರು ತೆಗೆಯಬೇಕು. ನೀರು ಹೆಚ್ಚಿದ್ದರೆ ಬಿಸ್ಕತ್ತು ಗಟ್ಟಿಯಾಗುತ್ತದೆ. ಮೊಸರಿನಿಂದ ಬಂದ ಬೆಣ್ಣೆಯಲ್ಲಿ ಹೆಪ್ಪಿನ ಬ್ಯಾಕ್ಟೀರಿಯಾಗಳು ತಯಾರಿಸಿದ ಡೈಅಸಿಟೈಲ್ ಎಂಬ ಪರಿಮಳದ ಅಂಶವಿರುತ್ತದೆ. ಕೆನೆಯಿಂದ ನೇರವಾಗಿ ತೆಗೆದ ಕಾರ್ಖಾನೆಯ ಬೆಣ್ಣೆಗಿಂತ ಇದರ ರುಚಿ ಎದ್ದು ಕಾಣುವುದು ಅದರಿಂದ. ಉಪ್ಪು ಬೆರೆಸಿದ ಟೇಬಲ್ ಬೆಣ್ಣೆಯಲ್ಲಿ ಉಪ್ಪು ಶೇ 3ರವರೆಗೂ ಇರಬಹುದು. 100 ಗ್ರಾಂ ಬೆಣ್ಣೆ ಹಾಕಿದಾಗ ಅರ್ಧ ಚಿಕ್ಕ ಚಮಚದಷ್ಟು ಉಪ್ಪು ಜೊತೆಗೇ ಬರುತ್ತದೆ. ಪಾಕವಿಧಾನದ ಉಪ್ಪನ್ನು ಅಷ್ಟು ಕಡಿಮೆ ಮಾಡಬೇಕು.

ಕೆಡದಂತೆ ಇಡುವುದು

ಬೆಣ್ಣೆ ಎರಡು ದಾರಿಯಲ್ಲಿ ಕೆಡುತ್ತದೆ. ಒಂದು, ನೀರಿನ ಹನಿಗಳಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಹುಳಿ, ಬೂಷ್ಟು ಬರುವುದು. ಇನ್ನೊಂದು, ಜಿಡ್ಡು ಒಡೆದು ಬ್ಯುಟಿರಿಕ್ ಆಮ್ಲ ಬಿಡುಗಡೆಯಾಗಿ ಅಥವಾ ಗಾಳಿಯ ಆಮ್ಲಜನಕ ಸೇರಿ ಕಮಟು ವಾಸನೆ ಬರುವುದು.

ಮೊದಲನೆಯದಕ್ಕೆ ತಡೆ ಹನಿಯ ಗಾತ್ರದಲ್ಲೇ ಇದೆ. ಹನಿ ತೀರ ಸಣ್ಣದಾದರೆ ಅದರೊಳಗಿನ ಜೀವಿಗೆ ಬೆಳೆಯಲು ಜಾಗವೂ ಆಹಾರವೂ ಸಾಲದು, ಬಹುಪಾಲು ಹನಿಗಳಲ್ಲಿ ಜೀವಿಯೇ ಇರುವುದಿಲ್ಲ. ಕಾರ್ಖಾನೆಯಲ್ಲಿ ಬೆಣ್ಣೆಯನ್ನು ಯಂತ್ರದಿಂದ ನಾದುವುದು ಇದಕ್ಕಾಗಿ. ಉಪ್ಪು ಜಿಡ್ಡಿನಲ್ಲಿ ಕರಗುವುದಿಲ್ಲ, ಅಷ್ಟೂ ಆ ನೀರಿನ ಹನಿಗಳಿಗೇ ಸೇರುತ್ತದೆ. ಬೆಣ್ಣೆಯಲ್ಲಿ ಶೇ 2 ಉಪ್ಪಿದ್ದರೆ ಹನಿಗಳೊಳಗಿನ ಉಪ್ಪುನೀರು ಸಮುದ್ರದ ನೀರಿಗಿಂತ ಮೂರು ಪಟ್ಟು ಉಪ್ಪಾಗಿರುತ್ತದೆ. ಕೈಯಿಂದ ತೆಗೆದ ಬಿಳಿ ಬೆಣ್ಣೆಯಲ್ಲಿ ಹನಿಗಳು ದೊಡ್ಡವು, ಉಪ್ಪಿಲ್ಲ, ಮಜ್ಜಿಗೆಯ ಸಕ್ಕರೆ ಮತ್ತು ಪ್ರೋಟೀನು ಉಳಿದಿರುತ್ತವೆ. ಹೀಗಾಗಿ ಅದು ಬೇಗ ಹುಳಿಯಾಗುತ್ತದೆ. ತೊಳೆದಷ್ಟೂ ಆ ಆಹಾರ ಕಡಿಮೆಯಾಗಿ ಬಾಳಿಕೆ ಹೆಚ್ಚುತ್ತದೆ.

ಬೆಣ್ಣೆಯ ಉಂಡೆಯನ್ನು ತಣ್ಣೀರಿನಲ್ಲಿ ಮುಳುಗಿಸಿಟ್ಟು ದಿನವೂ ನೀರು ಬದಲಿಸುವ ಹಳೆಯ ಪದ್ಧತಿ ಎರಡನೆಯ ದಾರಿಯನ್ನು ಮುಚ್ಚುತ್ತದೆ. ನೀರು ಗಾಳಿಯನ್ನು ದೂರವಿಡುತ್ತದೆ, ಉಂಡೆಯನ್ನು ತಂಪಾಗಿಯೂ ಇಡುತ್ತದೆ. ಫ್ರಿಜ್ಜಿನಲ್ಲಿಡುವಾಗ ಮುಚ್ಚಳವಿರುವ ಡಬ್ಬಿ ಬೇಕು, ಏಕೆಂದರೆ ಉಳ್ಳಾಗಡ್ಡಿ, ಬೆಳ್ಳುಳ್ಳಿಯ ವಾಸನೆಯ ಅಂಶಗಳು ಜಿಡ್ಡಿನಲ್ಲಿ ಕರಗುತ್ತವೆ. ಒಂದು ವಾರದಲ್ಲಿ ಮುಗಿಯದ ಬಿಳಿ ಬೆಣ್ಣೆಯನ್ನು ಕಾಯಿಸಿ ತುಪ್ಪ ಮಾಡುವುದು ಲೇಸು. ನೀರೂ ಹಾಲಿನ ಗಸಿಯೂ ಹೋದ ಮೇಲೆ ಸೂಕ್ಷ್ಮಜೀವಿಗಳಿಗೆ ಬದುಕುವ ನೆಲೆ ಉಳಿಯುವುದಿಲ್ಲ. ಒಣ ಚಮಚ ಬಳಸಿ ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟ ತುಪ್ಪ ಈ ಸೀಮೆಯ ಬೇಸಿಗೆಯಲ್ಲೂ ಫ್ರಿಜ್ಜಿಲ್ಲದೆ ತಿಂಗಳುಗಟ್ಟಲೆ ಬಾಳುತ್ತದೆ.